ಸಮುದ್ರಮಟ್ಟದಿಂದ ನಮ್ಮೂರು ಎಷ್ಟು ಎತ್ತರ?

ಮಳೆಗಾಲ ಶುರುವಾದರೆ ಪತ್ರಿಕೆಯ ಮೂಲೆಯಲ್ಲಿ ಜಲಾಶಯಗಳ ಪಟ್ಟಿ ಬರತೊಡಗುತ್ತದೆ. ಗರಿಷ್ಠ ಮಟ್ಟ: ಕೆಆರ್‌ಎಸ್ 124.80 ಅಡಿ, ತುಂಗಭದ್ರಾ 1633 ಅಡಿ, ಲಿಂಗನಮಕ್ಕಿ 1819 ಅಡಿ, ಆಲಮಟ್ಟಿ 519.60 ಮೀಟರ್. ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು. ರಾಜಕೀಯದ ಸುದ್ದಿ ಬಿಟ್ಟವರೂ ಈ ಪಟ್ಟಿ ಬಿಡುವುದಿಲ್ಲ. ಇದನ್ನು ಹತ್ತನೇ ತರಗತಿಯ ಮಕ್ಕಳ ಮುಂದಿಟ್ಟು ಒಂದು ಪ್ರಶ್ನೆ ಕೇಳಿ ನೋಡಿ. ಕೆಆರ್‌ಎಸ್ 124, ತುಂಗಭದ್ರಾ 1633. ಹಾಗಾದರೆ ತುಂಗಭದ್ರಾ ಅಣೆಕಟ್ಟು ಕೆಆರ್‌ಎಸ್‌ಗಿಂತ ಹದಿಮೂರು ಪಟ್ಟು ಎತ್ತರವೇ?

ನಾನು ಬಾಗಲಕೋಟೆ ಜಿಲ್ಲೆಯ ಸರಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಪ್ರತಿ ವರ್ಷ ಈ ಪ್ರಶ್ನೆ ಕೇಳುತ್ತಿದ್ದೆ. ಹೆಚ್ಚಿನ ಮಕ್ಕಳು ಹೌದೆನ್ನುತ್ತಿದ್ದರು, ಉಳಿದವರು ಸುಮ್ಮನೆ ಕೂರುತ್ತಿದ್ದರು. ಒಮ್ಮೆ ಆಲಮಟ್ಟಿ ಹತ್ತಿರದ ಊರಿನ ಹುಡುಗಿಯೊಬ್ಬಳು ಎದ್ದು, "ಟೀಚರ, ಹಂಗಾರ ನಮ್ಮ ಡ್ಯಾಮು ಅರ್ಧಾ ಕಿಲೋಮೀಟರ್ ಎತ್ತರ ಐತೇನ್ರಿ? ನಾ ನೋಡೇನ್ರಿ, ಅಷ್ಟ ಇಲ್ಲ" ಎಂದಳು. ಎಷ್ಟು ಒಳ್ಳೆಯ ಪ್ರಶ್ನೆ! ಕಣ್ಣಾರೆ ಕಂಡದ್ದಕ್ಕೂ ಪತ್ರಿಕೆಯ ಅಂಕಿಗೂ ತಾಳೆಯಾಗದ್ದನ್ನು ಅವಳು ಹಿಡಿದಿದ್ದಳು. ಆ ಅಣೆಕಟ್ಟಿನ ಎತ್ತರ ತಳಪಾಯದಿಂದ ಲೆಕ್ಕ ಹಾಕಿದರೂ ಐವತ್ತು ಮೀಟರಿನ ಆಸುಪಾಸು. 519.60 ಎಂಬುದು ನೀರಿನ ಮೇಲ್ಮೈ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ. ತುಂಗಭದ್ರಾ, ಲಿಂಗನಮಕ್ಕಿಯದೂ ಸಮುದ್ರಮಟ್ಟದ ಲೆಕ್ಕವೇ. ಕೆಆರ್‌ಎಸ್‌ನ 124.80 ಮಾತ್ರ ನದಿಯ ತಳದಿಂದ ಅಳೆದದ್ದು. ಒಂದೇ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಸೊನ್ನೆಗಳು ಕೂತಿವೆ, ಅದನ್ನು ಯಾರೂ ಮಕ್ಕಳಿಗೆ ಹೇಳಿಲ್ಲ.

ಸಮುದ್ರದ ಸೊನ್ನೆ ಎಲ್ಲಿಂದ ಬಂತೆಂಬುದೂ ಪಾಠದಲ್ಲಿ ಇರಬೇಕಾದ ಸಂಗತಿ. ಸಮುದ್ರ ನಿಂತ ನೀರಲ್ಲ, ಭರತ ಇಳಿತಗಳಲ್ಲಿ ದಿನವೂ ಏರಿಳಿಯುತ್ತದೆ. ಸರ್ವೆ ಆಫ್ ಇಂಡಿಯಾದವರು ಕರಾಚಿ, ಮುಂಬೈ, ಕೊಚ್ಚಿ, ಮದರಾಸು ಮುಂತಾದ ಒಂಬತ್ತು ಬಂದರುಗಳಲ್ಲಿ ಆ ಏರಿಳಿತವನ್ನು ವರ್ಷಗಟ್ಟಲೆ ಬರೆದಿಟ್ಟು, ಸರಾಸರಿ ತೆಗೆದು ದೇಶದ ಸೊನ್ನೆ ಎಂದು ಇಟ್ಟುಕೊಂಡರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಅಲ್ಲಿಂದ ಮಟ್ಟ ಅಳೆಯುತ್ತ ಒಳನಾಡಿಗೆ ಬಂದು, 1909ರ ಹೊತ್ತಿಗೆ ಇಡೀ ದೇಶಕ್ಕೆ ಎತ್ತರದ ಜಾಲ ಹೆಣೆದರು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಕಾಣುವ ಮೀಟರುಗಳು ಆ ಕೆಲಸದ ಫಲ. ಮಕ್ಕಳು ಆ ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಅಂಕಿಯ ಅರ್ಥ ಕೇಳಿದರೆ ಗೊತ್ತಿಲ್ಲ.

ನನ್ನ ವಾದ ಇಷ್ಟೇ. ಪ್ರೌಢಶಾಲೆಯ ಭೂಗೋಳದಲ್ಲಿ ಮಕ್ಕಳು ತಾವು ನಿಂತ ನೆಲದ ನಕ್ಷೆಯನ್ನು ಓದಲು ಕಲಿಯಬೇಕು. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅದರಲ್ಲೂ ತಮ್ಮ ತಾಲೂಕಿನದು, ಎಂಟನೇ ತರಗತಿಯಿಂದಲೇ ಅವರ ಕೈಗೆ ಸಿಗಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಅದರ ಮೇಲೆ ಬರಬೇಕು.

ಈಗ ನಡೆಯುತ್ತಿರುವುದೇನು? ಎಂಟರಲ್ಲಿ ಶಿಲಾಗೋಳ, ವಾಯುಗೋಳ, ಜಲಗೋಳ. ಒಂಬತ್ತರಲ್ಲಿ ಕರ್ನಾಟಕ, ಹತ್ತರಲ್ಲಿ ಭಾರತ. ಪಠ್ಯ ಕೆಟ್ಟದಲ್ಲ, ಅದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ತಕರಾರು ಇರುವುದು ಅದು ಪರೀಕ್ಷೆಗೆ ಇಳಿಯುವ ರೀತಿಯಲ್ಲಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಹೀಗೆ ಆರು ವಿಷಯಗಳು 80 ಅಂಕದ ಒಂದೇ ಪತ್ರಿಕೆಯೊಳಗೆ ತುರುಕಿಕೊಂಡಿವೆ. ಭೂಗೋಳಕ್ಕೆ ಅಲ್ಲಿ ಸಿಕ್ಕ ಗೌರವವೆಂದರೆ ನಕ್ಷೆಯ ಪ್ರಶ್ನೆ. ಭಾರತದ ರೂಪರೇಖೆ ಬರೆದು ಕೊಟ್ಟ ಸ್ಥಳಗಳನ್ನು ಗುರುತಿಸಿ. ಕರ್ಕಾಟಕ ಸಂಕ್ರಾಂತಿ ವೃತ್ತ, ಕೋಸಿ ನದಿ, ಭಾಕ್ರಾ ನಂಗಲ್, ಒಂದೆರಡು ಬಂದರು. "ನಕ್ಷೆ ಹಾಕಿದರೆ ಅಂಕ ಗ್ಯಾರಂಟಿ" ಎಂಬುದು ಪಾಸಿಂಗ್ ಪ್ಯಾಕೇಜಿನ ಮೊದಲ ಮಾತು. ಡಿಸೆಂಬರ್ ಹೊತ್ತಿಗೆ ಮಕ್ಕಳು ಚೌಕ ಹಾಕಿ, ಚುಕ್ಕಿ ಇಟ್ಟು, ಚುಕ್ಕಿ ಸೇರಿಸಿ ಎರಡು ನಿಮಿಷದಲ್ಲಿ ಭಾರತ ಬಿಡಿಸುವುದರಲ್ಲಿ ಪಳಗಿರುತ್ತಾರೆ. ಕೈ ಚೆನ್ನಾಗಿ ಓಡುತ್ತದೆ. ಆದರೆ ಬಿಹಾರದಲ್ಲಿ ಕೋಸಿ ಯಾಕೆ ದಿಕ್ಕು ಬದಲಿಸುತ್ತ ಬಂತು, ಹಿಮಾಲಯದಿಂದ ಅದು ಎಷ್ಟು ಹೂಳು ತರುತ್ತದೆ ಎಂಬ ಮಾತು ಆ ಚುಕ್ಕಿಯ ಹತ್ತಿರ ಸುಳಿಯುವುದೇ ಇಲ್ಲ.

ಹಿಂದುಳಿದ ಹುಡುಗಿಯೊಬ್ಬಳು ಆ ನಕ್ಷೆಯ ಅಂಕದಿಂದ ಪಾಸಾಗುವುದನ್ನು ನಾನು ಕಡೆಗಣಿಸುವುದಿಲ್ಲ. ಪಾಸಾದರೆ ಅವಳ ಮದುವೆ ಎರಡು ವರ್ಷ ಮುಂದೆ ಹೋಗುತ್ತದೆ, ಅದು ಸಣ್ಣ ಲಾಭವಲ್ಲ. ಆ ಪ್ರಶ್ನೆ ಇರಲಿ. ಅದರ ಪಕ್ಕದಲ್ಲಿ ಇನ್ನೊಂದು ಬರಲಿ ಎಂಬುದಷ್ಟೇ ನನ್ನ ಬೇಡಿಕೆ.

ನಮ್ಮ ಕಡೆಯ ಮಕ್ಕಳಿಗೆ ಇದು ಯಾಕೆ ಬೇಕು ಎಂಬುದಕ್ಕೆ ಬಾಗಲಕೋಟೆಗಿಂತ ದೊಡ್ಡ ಸಾಕ್ಷಿ ಬೇಡ. ಇದು ಮುಳುಗಡೆ ನಾಡು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟೆ ಹಾಕಲು 1964ರಲ್ಲಿ ಅಡಿಗಲ್ಲಿಟ್ಟರು. ನೀರು ನಿಲ್ಲತೊಡಗಿದಾಗ ಹಿನ್ನೀರು ಕೃಷ್ಣೆಯಲ್ಲಷ್ಟೇ ನಿಲ್ಲಲಿಲ್ಲ, ಘಟಪ್ರಭೆಯ ಪಾತ್ರದಲ್ಲೂ ಏರಿ ಬಂದು ಹಳೇ ಬಾಗಲಕೋಟೆಯ ಓಣಿಗಳಿಗೆ ನುಗ್ಗಿತು. ಆಗ ಮನೆಮನೆಯಲ್ಲಿ ಆಡುತ್ತಿದ್ದ ಮಾತು ಮೀಟರಿನದು. "ನಮ್ಮ ಮನಿ ಒಳಗ ಬಂದೈತಿ, ಕಾಕಾನ ಮನಿ ಹೊರಗ ಉಳದೈತಿ." ಒಳಗೆ ಎಂದರೆ ಮುಳುಗಡೆ ಗೆರೆಯ ಒಳಗೆ. ನಮ್ಮ ಓಣಿಯಲ್ಲಿ ಒಂದು ಗೋಡೆಯಾಚೆ ಪರಿಹಾರ, ಮುಳುಗಡೆಯಾದವರಿಗೆ ಕಟ್ಟಿದ ನವನಗರದಲ್ಲಿ ನಿವೇಶನ. ಈಚೆ ಅರ್ಧ ಖಾಲಿಯಾದ ಓಣಿ, ಗಿರಾಕಿ ಇಲ್ಲದ ಅಂಗಡಿ. ಆ ಗೆರೆ ಯಾರೋ ಮನಸ್ಸಿಗೆ ಬಂದಂತೆ ಎಳೆದದ್ದೆಂದು ನಮ್ಮಜ್ಜಿ ಕೊನೆಯವರೆಗೂ ನಂಬಿದ್ದಳು. ನೆಲದ ಮೇಲೆ ಒಂದೇ ಎತ್ತರದಲ್ಲಿರುವ ಬಿಂದುಗಳನ್ನೆಲ್ಲ ಕೂಡಿಸಿದರೆ ಬರುವ ಗೆರೆ ಅದು, ಭೂಗೋಳದವರು ಅದಕ್ಕೆ ಸಮೋನ್ನತಿ ರೇಖೆ ಎನ್ನುತ್ತಾರೆ ಎಂದು ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಗೊತ್ತಿದ್ದರೆ ಮನೆ ಉಳಿಯುತ್ತಿರಲಿಲ್ಲ, ನಿಜ. ಆದರೆ ಅಳತೆ ಸರಿಯೇ ತಪ್ಪೇ ಎಂದು ಎದುರು ನಿಂತು ಕೇಳುವ ಬಾಯಿ ಬರುತ್ತಿತ್ತು.

ಆ ಮೀಟರಿನ ಮಾತು ಈಗ ಮತ್ತೆ ಶುರುವಾಗಿದೆ. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ ಆಲಮಟ್ಟಿಯನ್ನು 524.256 ಮೀಟರ್‌ವರೆಗೆ ಏರಿಸಲು ಒಪ್ಪಿತು. ಈಗಿನ 519.60ಕ್ಕೂ ಅದಕ್ಕೂ ನಡುವೆ ಇರುವುದು 4.656 ಮೀಟರ್, ಒಂದು ಮಾಳಿಗೆ ಮನೆಗಿಂತ ತುಸು ಹೆಚ್ಚು. "ಅಷ್ಟರಾಗ ಏನ್ ಮುಳಗತೈತಿ" ಎಂದು ಸಂತೆಯಲ್ಲಿ ಜನ ಕೇಳುತ್ತಾರೆ. ಉತ್ತರ ಇಳಿಜಾರಿನಲ್ಲಿದೆ. ಸಾವಿರ ಮೀಟರಿಗೆ ಒಂದು ಮೀಟರ್ ಏರುವ ಎರಿ ಹೊಲದಲ್ಲಿ 4.656 ಮೀಟರ್ ನೀರು ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು ಒಳಗೆ ಬರುತ್ತದೆ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಿನ್ನೆಯಲ್ಲಿ ಅದೇ ನೀರು ಐವತ್ತು ಮೀಟರ್ ಸಹ ದಾಟುವುದಿಲ್ಲ. ಇದು ಎಂಟನೇ ತರಗತಿಯ ಗಣಿತ. ಭೂಗೋಳದ ತರಗತಿಯಲ್ಲಿ ಇದನ್ನು ಮಾಡಿಸಿದರೆ ಮಕ್ಕಳು ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾರೆ. ಹೇಳಿದ್ದನ್ನು ನಾನು ಕೇಳಿದ್ದೇನೆ.

ಟೋಪೋಶೀಟ್ ಇಲ್ಲಿ ಎಷ್ಟು ಚಂದ ಒದಗಿ ಬರುತ್ತದೆಂದರೆ ನನಗೆ ಈಗಲೂ ಸಂತೋಷವಾಗುತ್ತದೆ. 1:50,000 ಪ್ರಮಾಣದ ಹಾಳೆ. ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್. ಕಂದು ಬಣ್ಣದ ಸಮೋನ್ನತಿ ರೇಖೆಗಳು ಇಪ್ಪತ್ತು ಮೀಟರಿಗೊಂದು: 500, 520, 540. ಅಂದರೆ 520ರ ಗೆರೆ ಹೆಚ್ಚುಕಡಿಮೆ ಇಂದಿನ ಆಲಮಟ್ಟಿ ತುಂಬಿದಾಗಿನ ದಂಡೆ. ನೀರು ನಿಲ್ಲುವ ಮೊದಲಿನ ಹಳೆಯ ಹಾಳೆಯ ನಕಲು ಮಾಡಿಸಿ, ಆ ಗೆರೆಯ ಮೇಲೆ ಪೆನ್ಸಿಲ್ ಓಡಿಸಿ, ಒಳಗೆಲ್ಲ ನೀಲಿ ಬಣ್ಣ ತುಂಬಲು ಹೇಳುತ್ತಿದ್ದೆ. ಬಣ್ಣ ತುಂಬುತ್ತ ಬಂದಂತೆ ಊರುಗಳ ಹೆಸರು ಒಂದೊಂದಾಗಿ ನೀಲಿಯೊಳಗೆ ಹೋಗುತ್ತಿದ್ದವು. ತರಗತಿ ಗದ್ದಲ ಮಾಡುತ್ತಿತ್ತು: "ಇದು ನಮ್ಮ ಅಮ್ಮನ ತವರುಮನಿ", "ಇಲ್ಲೆ ನಮ್ಮ ಹೊಲ ಇತ್ತಂತ". ಆಮೇಲಿನ ಕೆಲಸ 520ಕ್ಕೂ 540ಕ್ಕೂ ನಡುವೆ 524.256 ಎಲ್ಲಿ ಬರಬಹುದೆಂದು ಅಂದಾಜು ಮಾಡುವುದು. ಗೆರೆಗಳು ದೂರ ದೂರ ಇದ್ದಲ್ಲಿ ಬಯಲು, ಒತ್ತೊತ್ತಾಗಿದ್ದಲ್ಲಿ ಗುಡ್ಡ. ಅಂದಾಜು ಕರಾರುವಾಕ್ಕಾಗಿರುವುದಿಲ್ಲ ಎಂಬುದನ್ನೂ ಅವರಿಗೆ ಹೇಳಬೇಕು. ಹೊಳೆ ಜೋರಾಗಿ ಬರುವಾಗ ಹಿನ್ನೀರಿನ ಮೇಲ್ಮೈ ಪೂರ್ತಿ ಸಮತಟ್ಟಾಗಿರುವುದಿಲ್ಲ. ಕಟ್ಟೆಯಿಂದ ಮೇಲಕ್ಕೆ ಹೋದಂತೆ ಮಟ್ಟ ತುಸು ಏರಿರುತ್ತದೆ. ಅದಕ್ಕೇ ಮುಳುಗಡೆ ಗೆರೆಯನ್ನು ಕಟ್ಟೆಯ ಮಟ್ಟಕ್ಕಿಂತ ಮೇಲೆ ಎಳೆಯುತ್ತಾರೆ. ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರದವರು 2019ರ ಪ್ರವಾಹದ ನಂತರ ಆಲಮಟ್ಟಿಯ ಕಡೆ ಬೆರಳು ತೋರಿಸಿದಾಗ ಎದ್ದ ಜಗಳವೂ ಇದೇ ಹಿನ್ನೀರಿನದು. ಎರಡೂ ರಾಜ್ಯದ ವಕೀಲರು ಇದರ ಮೇಲೆ ವಾದ ಮಾಡುತ್ತಾರೆ, ದಂಡೆಯ ಮೇಲಿನ ಪ್ರಜೆ ಅದನ್ನು ಹಿಂಬಾಲಿಸಲಾರದೆ ಕೂತಿರುತ್ತಾನೆ.

ಹದಿನೈದು ವರ್ಷದ ಮಕ್ಕಳಿಗೆ ಇದು ಭಾರವಾಗುತ್ತದೆ ಎನ್ನುವವರಿದ್ದಾರೆ. ಇದೇ ರಾಜ್ಯದ ಐಸಿಎಸ್ಇ ಶಾಲೆಗಳಲ್ಲಿ ಹತ್ತನೇ ತರಗತಿಯ ಭೂಗೋಳ ಪರೀಕ್ಷೆಗೆ ಟೋಪೋಶೀಟ್ ಪ್ರಶ್ನೆ ಕಡ್ಡಾಯ. ರಾಜಸ್ಥಾನ–ಗುಜರಾತ್ ಗಡಿಯ ಎರಡು ಹಾಳೆಗಳನ್ನು ಬೆಂಗಳೂರಿನ ಮಕ್ಕಳು ವರ್ಷವಿಡೀ ಓದಿ, ಗ್ರಿಡ್ ಸಂಖ್ಯೆ ಹೇಳಿ, ಒಣಗಿದ ಹಳ್ಳಕ್ಕೂ ಹರಿಯುವ ಹಳ್ಳಕ್ಕೂ ವ್ಯತ್ಯಾಸ ಗುರುತಿಸಿ ಅಂಕ ತೆಗೆಯುತ್ತಾರೆ. ಅಬು ರೋಡಿನ ಆಸುಪಾಸಿನ ಗುಡ್ಡದ ಇಳಿಜಾರು ಬೆಂಗಳೂರಿನ ಮಗುವಿಗೆ ಅರ್ಥವಾಗುವುದಾದರೆ, ಮನೆಯೇ ಗೆರೆಯೊಳಗೆ ಬಂದ ಬೀಳಗಿಯ ಮಗುವಿಗೆ ತನ್ನೂರಿನ ಇಳಿಜಾರು ಅರ್ಥವಾಗದೇ? ಫೀಸು ಕಟ್ಟುವ ಶಾಲೆಯಲ್ಲಿ ನಕ್ಷೆ ಓದುವ ವಿದ್ಯೆ, ಸರಕಾರಿ ಶಾಲೆಯಲ್ಲಿ ಚುಕ್ಕಿ ಇಡುವ ವಿದ್ಯೆ ಎಂಬ ಭಾಗಾಕಾರವನ್ನು ನಾನು ಒಪ್ಪಲಾರೆ. ನಮ್ಮಲ್ಲಿ ಟೋಪೋಶೀಟ್ ಮಕ್ಕಳ ಕೈಗೆ ಬರುವುದು ಪಿಯುಸಿ ಕಲಾ ವಿಭಾಗದಲ್ಲಿ ಭೂಗೋಳ ತೆಗೆದುಕೊಂಡರೆ, ಅದೂ ಪ್ರಾಯೋಗಿಕ ತರಗತಿಯಲ್ಲಿ. ಹಳ್ಳಿಯ ಎಷ್ಟು ಮಕ್ಕಳು ಆ ಬಾಗಿಲವರೆಗೆ ತಲುಪುತ್ತಾರೆ!

ನೀರಿನ ವಿಷಯ ಬಂದಾಗ ನಮ್ಮ ಜಿಲ್ಲೆ ಇನ್ನೂ ಒಂದು ಪಾಠ ಕೊಡುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆಯ ಹೊತ್ತಿಗೆ, ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಪೂರ್ವದಿಂದ ಬಂದು ಉತ್ತರ ಕರ್ನಾಟಕದ ನೆತ್ತಿಯ ಮೇಲೆಯೇ ಸುರಿಯಿತು. ಮಣ್ಣಿನ ಮನೆಗಳು ಕೂತಲ್ಲೇ ಕುಸಿದವು. 2019ರ ಆಗಸ್ಟ್‌ನಲ್ಲಿ ಹಾಗಲ್ಲ. ನಮ್ಮಲ್ಲಿ ಅಂಥ ಮಳೆಯೇ ಇರಲಿಲ್ಲ. ಪಶ್ಚಿಮಕ್ಕೆ ಸಹ್ಯಾದ್ರಿಯಲ್ಲಿ ಸುರಿದ ಮಳೆ ಕಣಕುಂಬಿಯಿಂದ ಮಲಪ್ರಭೆಯಲ್ಲಿ, ಹಿಡಕಲ್ ದಾಟಿ ಘಟಪ್ರಭೆಯಲ್ಲಿ, ಮಹಾರಾಷ್ಟ್ರದಿಂದ ಕೃಷ್ಣೆಯಲ್ಲಿ ಇಳಿದು ಬಂತು. ನವಿಲುತೀರ್ಥದಿಂದ ಬಿಟ್ಟ ನೀರು ಬಾದಾಮಿ ತಾಲೂಕಿನ ಊರುಗಳನ್ನು ಸುತ್ತುವರಿದು, ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿ ನಿಂತಿತು. "ಮಳಿ ಇಲ್ಲ ಏನಿಲ್ಲ, ಹೊಳಿ ಹೆಂಗ ಬಂತ್ರಿ?" ಎಂದು ಪರಿಹಾರ ಕೇಂದ್ರದಲ್ಲಿ ಮಕ್ಕಳು ಕೇಳಿದ್ದರು. ಹತ್ತು ವರ್ಷದ ಅಂತರದಲ್ಲಿ ಒಂದೇ ಜಿಲ್ಲೆಗೆ ಒಂದು ಪ್ರವಾಹ ಬಂಗಾಳಕೊಲ್ಲಿಯಿಂದ, ಇನ್ನೊಂದು ಅರಬ್ಬಿ ಸಮುದ್ರದಿಂದ. ಮೊದಲನೆಯದಕ್ಕೆ ಆಕಾಶ ನೋಡಬೇಕು, ಎರಡನೆಯದಕ್ಕೆ ಮುನ್ನೂರು ಕಿಲೋಮೀಟರ್ ಒಳಗಿನ ಘಟ್ಟದ ಸುದ್ದಿ, ಮೇಲಿನ ಜಲಾಶಯದ ಹೊರಹರಿವು ನೋಡಬೇಕು. ನೈರುತ್ಯ ಮಾನ್ಸೂನ್, ಹಿಂದಿರುಗುವ ಮಾನ್ಸೂನ್ ಎಂದು ಮಕ್ಕಳು ಬಾಯಿಪಾಠ ಮಾಡುವ ನಾಲ್ಕು ಸಾಲುಗಳೊಳಗೆ ಇದೆಲ್ಲ ಇದೆ, ಬಿಡಿಸಿ ತೋರಿಸುವವರು ಬೇಕು.

ಘಟ್ಟ, ಕರಾವಳಿಯವರಿಗೆ ಬೇರೆ ಪಾಠ. 2018ರ ಕೊಡಗು, 2024ರ ಜುಲೈ 16ರ ಶಿರೂರು ಕುಸಿತ ಕನ್ನಡಿಗರು ಮರೆತಿಲ್ಲ. ಹೆದ್ದಾರಿಗೆಂದು ಗುಡ್ಡದ ಬುಡ ಕಡಿದಾಗ ಇಳಿಜಾರು ಎಷ್ಟು ಕಡಿದಾಯಿತು, ಮೇಲಿನ ಮಣ್ಣಿಗೆ ನೀರು ಇಂಗಿದರೆ ಏನಾಗುತ್ತದೆ ಎಂಬುದನ್ನು ಅಂಕೋಲೆಯ ಮಕ್ಕಳು ತಮ್ಮ ಹಾಳೆಯ ಮೇಲೆಯೇ ನೋಡಬೇಕು. ಶಿರೂರಿನ ಗುಡ್ಡ ಗಂಗಾವಳಿಗೆ ಬಿದ್ದಾಗ ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳನ್ನೂ ಬಡಿಯಿತು.

ಕಲಿಸುವವರ ಮಾತಿಗೆ ಬರುತ್ತೇನೆ. ನಾನು ಕಂಡ ಸಮಾಜ ವಿಜ್ಞಾನ ಶಿಕ್ಷಕರಲ್ಲಿ ಹೆಚ್ಚಿನವರು ಪದವಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವರು. ಅವರು ಕಷ್ಟಪಟ್ಟು, ನಿಷ್ಠೆಯಿಂದ ಕಲಿಸುತ್ತಾರೆ. ಆದರೆ ಸಮೋನ್ನತಿ ರೇಖೆಯನ್ನು ತಾವೇ ಎಂದೂ ಎಳೆಯದವರಿಗೆ ಅದನ್ನು ಕಲಿಸುವ ಧೈರ್ಯ ಬರುವುದು ಹೇಗೆ? ನಾನು ಧಾರವಾಡದಲ್ಲಿ ಭೂಗೋಳ ಓದಿದ್ದರಿಂದ ನನಗೆ ಈ ಹಾಳೆಗಳ ಗೆಳೆತನ ಸಿಕ್ಕಿತು. ಬೇಸಿಗೆಯ ತರಬೇತಿಗಳಲ್ಲಿ ಭಾಷಣ ಕೇಳಿಸುವ ಬದಲು ಶಿಕ್ಷಕರನ್ನು ಒಂದು ಗುಡ್ಡ ಹತ್ತಿಸಿ, ಕೈಯಲ್ಲಿ ಹಾಳೆ ಕೊಟ್ಟು, ಎದುರಿಗೆ ಕಾಣುವ ಕೆರೆ, ಗುಡಿ, ರಸ್ತೆಯನ್ನು ಹಾಳೆಯಲ್ಲಿ ಹುಡುಕಿಸಿದರೆ ಒಂದು ದಿನದಲ್ಲಿ ಅರ್ಧ ಭಯ ಹೋಗುತ್ತದೆ.

ಫೋನಿನಲ್ಲೇ ಮ್ಯಾಪ್ ಇರುವಾಗ ಹಾಳೆ ಯಾಕೆ ಎಂದು ತಂದೆತಾಯಿಯರು ಕೇಳುತ್ತಾರೆ. ಫೋನು ದಾರಿ ಹೇಳುತ್ತದೆ, ತಗ್ಗು–ದಿನ್ನೆ ಅಷ್ಟು ಸುಲಭಕ್ಕೆ ಹೇಳುವುದಿಲ್ಲ. ಹಾಗೆಂದು ಫೋನನ್ನು ದೂರ ಇಡಬೇಕಿಲ್ಲ. ನಮ್ಮ ರೈತರು ಈಗ ದಿಶಾಂಕ್ ಆಪ್ ತೆಗೆದು ಹೊಲದ ಸರ್ವೆ ನಂಬರ್ ನೋಡುತ್ತಾರೆ, ಬದುವಿನ ಜಗಳ ಬಂದರೆ ಅದನ್ನೇ ಮುಂದೆ ಹಿಡಿಯುತ್ತಾರೆ. ಇಸ್ರೋದ ಭುವನ್ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ತಮ್ಮ ಪಂಚಾಯಿತಿಯ ಮಳೆಯನ್ನು ವರ್ಷವಿಡೀ ಬರೆದು ಗ್ರಾಫ್ ಎಳೆದ ಮಗುವಿಗೆ "ಮಳೆ ನೆರಳಿನ ಪ್ರದೇಶ" ಎಂಬ ಮಾತನ್ನು ಮತ್ತೆ ಬಾಯಿಪಾಠ ಮಾಡಿಸಬೇಕಿಲ್ಲ. ಮನೆಯ ಹಿರಿಯರನ್ನೂ ಕೇಳಬೇಕು. ಎರಿ ಎಲ್ಲಿ ಮುಗಿದು ಮಸಾರಿ ಎಲ್ಲಿ ಶುರುವಾಗುತ್ತದೆ, ಹಳೆಯ ಊರು ಯಾಕೆ ದಿನ್ನೆಯ ಮೇಲೆ ಕೂತಿದೆ ಎಂಬುದು ಅವರಿಗೆ ಗೊತ್ತು. ಅವರ ತಿಳಿವಳಿಕೆಯನ್ನು ಹಾಳೆಯ ಮೇಲಿಡುವ ವಿದ್ಯೆ ಮಕ್ಕಳಿಗೆ ಬರಲಿ. ಕಲಾದಗಿಯ ಮಕ್ಕಳಿಗಂತೂ ತಮ್ಮೂರಿನ ಹೆಸರಿನಲ್ಲಿ ಒಂದು ಶಿಲಾಸಮೂಹವೇ ಇದೆ, ಭೂವಿಜ್ಞಾನದ ಪುಸ್ತಕಗಳಲ್ಲಿ ಕಲಾದಗಿ ಎಂದೇ ಬರೆಯುತ್ತಾರೆ ಎಂದು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಊರೆಂದರೆ ದಾಳಿಂಬೆ ಎಂದಷ್ಟೇ ಅವರಿಗೆ ಗೊತ್ತಿತ್ತು.

ಪಠ್ಯಕ್ರಮ ಬದಲಾಗಲು ಸಮಿತಿ ಬೇಕು, ಸಮಿತಿಗೆ ವರ್ಷಗಳು ಬೇಕು. ಪರೀಕ್ಷಾ ಮಂಡಳಿ ಮನಸ್ಸು ಮಾಡಿ, ಆಯಾ ವಿಭಾಗದ ಹಾಳೆಯ ಅಂಗೈಯಗಲದ ತುಣುಕನ್ನು ಪ್ರಶ್ನೆಪತ್ರಿಕೆಯಲ್ಲಿ ಅಚ್ಚು ಹಾಕಲಿ ಎಂದು ನಾನು ಕೇಳುತ್ತಲೇ ಇರುತ್ತೇನೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಸಮಾಜ ವಿಜ್ಞಾನದಲ್ಲಿ 20 ಆಂತರಿಕ ಅಂಕಗಳಿವೆ, ಯೋಜನೆ ಏನು ಕೊಡಬೇಕೆಂಬುದು ಶಿಕ್ಷಕರ ಕೈಯಲ್ಲಿದೆ. ಚಾರ್ಟಿನ ಮೇಲೆ ನಾಯಕರ ಚಿತ್ರ ಅಂಟಿಸಿ ತರುವ ಯೋಜನೆಯ ಜಾಗದಲ್ಲಿ ಊರಿನ ಒಂದು ಹಳ್ಳವನ್ನು ಹುಟ್ಟಿನಿಂದ ಹೊಳೆ ಸೇರುವವರೆಗೆ ಹಾಳೆಯ ಮೇಲೆ ಗುರುತಿಸಿ, ಒಂದು ಭಾನುವಾರ ಅದರ ದಡದಲ್ಲಿ ನಡೆದು ಬರಲಿ. ಸರ್ವೆ ಆಫ್ ಇಂಡಿಯಾ ತನ್ನ 1:50,000 ಹಾಳೆಗಳನ್ನು 2017ರಿಂದ ಆನ್‌ಲೈನಿನಲ್ಲಿ ಉಚಿತವಾಗಿ ಕೊಡುತ್ತಿದೆ. ಇಳಿಸಿಕೊಂಡು ಪಟ್ಟಣದ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ತೆಗೆಸಿದರೆ ಆಯಿತು. ಹಳೆಯ ಸಂಖ್ಯೆಯಲ್ಲಿ ಹುಡುಕುವವರಿಗೆ ನಮ್ಮ ಕಡೆಯ ಮೂರನ್ನು ಹೇಳಿಬಿಡುತ್ತೇನೆ: ಬಾಗಲಕೋಟೆಗೆ 47ಪಿ/12, ಆಲಮಟ್ಟಿಗೆ 47ಪಿ/15, ಬಾದಾಮಿಗೆ 48ಎಂ/9. ಹಾಳೆ ತರಗತಿಯ ಗೋಡೆಗೆ ಬಂದ ದಿನ ಮಕ್ಕಳಿಂದ ಮೊದಲು ತಮ್ಮ ಶಾಲೆಯನ್ನು ಹುಡುಕಿಸಿ, ಅದರ ಎರಡೂ ಬದಿಯ ಕಂದು ಗೆರೆಗಳ ಅಂಕಿ ಓದಿಸಿ.